ಟಲ್ಸಾದ ಮೇಜಿನ ಮೇಲೆ ಮೂರು ಪಿಸ್ತೂಲು

ಬಾಗಿಲಲ್ಲಿ ನಿಂತ ಕಾವಲಿನವರು ಒಳಬರುವವರ ಕೈಯಿಂದ ಒಂದೊಂದೇ ಬಂದೂಕು ತೆಗೆದುಕೊಳ್ಳುತ್ತಿದ್ದಾರೆ. ಒಳಗೆ ತೋಟಾ ಇಲ್ಲವೆಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಯಂತ್ರಭಾಗದ ನಡುವೆ ತೂರಿಸಿ, ಕರ್ರನೆ ಬಿಗಿದು ವಾಪಸು ಕೊಡುತ್ತಾರೆ. ಪಟ್ಟಿ ಬಿದ್ದ ಬಂದೂಕು ಗುಂಡು ಹಾರಿಸಲಾರದು. ಸಾಲು ಮುಂದೆ ಸರಿಯುತ್ತದೆ. ಹೊರಗೆ ನವೆಂಬರಿನ ಗಾಳಿ ಕೊರೆಯುತ್ತಿದೆ. ಒಳಗಿನಿಂದ ಎಣ್ಣೆಯ, ಹಳೇ ಚರ್ಮದ, ಬಿಸಿ ಕಾಫಿಯ ವಾಸನೆ ಒಟ್ಟಾಗಿ ಮುಖಕ್ಕೆ ಬಡಿಯುತ್ತದೆ.

ಇದು ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ನಗರ. ನಾವು ನಿಂತಿರುವುದು ಎಕ್ಸ್‌ಪೋ ಸ್ಕ್ವೇರ್ ಮೈದಾನದ ದೊಡ್ಡ ಕಟ್ಟಡದಲ್ಲಿ. 1966ರಲ್ಲಿ ಅಂತರರಾಷ್ಟ್ರೀಯ ಪೆಟ್ರೋಲಿಯಂ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು ಇದು. ಎದುರಿಗೆ ತೈಲಬಾವಿಯ ಗೋಪುರದ ಮೇಲೆ ಕೈಯಿಟ್ಟು ನಿಂತ 75 ಅಡಿಯ ‘ಗೋಲ್ಡನ್ ಡ್ರಿಲ್ಲರ್’ ಪ್ರತಿಮೆಯೂ ಆ ಕಾಲದ್ದೇ. ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ, ಚಳಿಗೆ ಮುಂಚೆ ಇನ್ನೊಮ್ಮೆ, ಇಲ್ಲಿ ವಾನೆನ್‌ಮಾಕರ್ ಆಯುಧ ಮೇಳ ನಡೆಯುತ್ತದೆ. ಹನ್ನೊಂದು ಎಕರೆ ನೆಲ, ನಾಲ್ಕು ಸಾವಿರಕ್ಕೂ ಹೆಚ್ಚು ಮೇಜು. ನಡುವೆ ಕಂಬಗಳ ಅಡ್ಡಿಯಿಲ್ಲದ್ದರಿಂದ ಒಂದು ತುದಿಯಲ್ಲಿ ನಿಂತರೆ ಸಾಲುಗಳು ಕಣ್ಣು ಮಂಜಾಗುವಷ್ಟು ದೂರಕ್ಕೆ ಓಡುತ್ತವೆ.

ನನ್ನನ್ನು ಕರೆತಂದ ಕಾಕಾ ಧಾರವಾಡದ ಕಡೆಯವರು. ತೈಲ ಕಂಪನಿಯಲ್ಲಿ ಎಂಜಿನಿಯರಾಗಿ ದುಡಿದು ಇಲ್ಲಿಯೇ ನಿವೃತ್ತರಾದವರು, ಈಗ ಈ ದೇಶದ ಪ್ರಜೆ. ಉಕ್ಕು ಹೇಗೆ ಸವೆಯುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ನೋಡುವುದರಲ್ಲೇ ಅವರ ಆಯುಷ್ಯ ಕಳೆದಿದೆ. ಜೇಬಿನಲ್ಲಿ ಭೂತಗನ್ನಡಿ, ಪುಟ್ಟ ಟಾರ್ಚು, ಒಂದು ನೋಟ್‌ಬುಕ್ಕು, ಸಂಗ್ರಾಹಕರ ಲೈಸೆನ್ಸಿನ ನಕಲು. ಐವತ್ತು ವರ್ಷ ದಾಟಿದ ಆಯುಧಗಳನ್ನು ಸಂಗ್ರಹಿಸುವವರಿಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೊಮ್ಮೆ 30 ಡಾಲರ್ ಶುಲ್ಕ ಪಡೆದು ಕೊಡುವ ಲೈಸೆನ್ಸ್ ಅದು.

“ನೀ ಕೈ ಹಿಂದ ಕಟ್ಟಿಕೊಂಡು ನಿಂದ್ರು, ತಮ್ಮಾ,” ಎನ್ನುತ್ತಾರೆ. “ವಿಸಿಟರ್ ವೀಸಾದ ಮ್ಯಾಲ ಬಂದಾವ್ರು ಇಲ್ಲೆ ಬಂದೂಕು ಹಿಡಿಯೂ ಹಂಗಿಲ್ಲ. ಕಣ್ಣಿಗೆ ಮಾತ್ರ ಯಾವ ಕಾಯ್ದೆನೂ ಇಲ್ಲ.”

ಅವರು ಹೇಳುವುದು ಸರಿ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಸಿಕ್ಕವರಿಗೆ ಆ ತಡೆ ಇಲ್ಲ. ನನ್ನ ಪಾಲಿಗೆ ಇವತ್ತಿನ ಕೆಲಸ ನೋಡುವುದು, ಕೇಳುವುದು.

ಸಾಲುಗಳ ನಡುವೆ ನಡೆಯುತ್ತೇವೆ. ಬೇಟೆಯ ರೈಫಲ್ಲುಗಳು, ಕೌಬಾಯ್ ಕಾಲದ ರಿವಾಲ್ವರುಗಳು, ಚಾಕು, ಸೈನಿಕರ ಬೆಲ್ಟು, ಪದಕ. ಕಾಕಾ ಎಲ್ಲೂ ನಿಲ್ಲುವುದಿಲ್ಲ. ಅವರು ಹುಡುಕುತ್ತಿರುವುದು ಒಂದೇ ವಸ್ತು: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆಂದು ತಯಾರಾದ ಪಾಯಿಂಟ್ 45ರ ಪಿಸ್ತೂಲು, ಮಾದರಿ 1911ಎ1. ಅದೂ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಭಾಗಗಳ ಜೊತೆಗೇ ಉಳಿದಿರುವಂಥದ್ದು.

ಒಂದು ಮೂಲೆಯ ಮೇಜಿನ ಮುಂದೆ ಅವರ ಹೆಜ್ಜೆ ನಿಲ್ಲುತ್ತದೆ. ಹಸಿರು ಬಟ್ಟೆಯ ಮೇಲೆ ಒಂದೇ ಆಕಾರದ ಮೂರು ಪಿಸ್ತೂಲು, ಮೂರಕ್ಕೂ ದಾರ ಕಟ್ಟಿದ ಬೆಲೆಚೀಟಿ. ಎಡಗಡೆಯದು ಕನ್ನಡಿಯಂತೆ ಹೊಳೆಯುವ ಕಡುನೀಲಿ: 1,750 ಡಾಲರ್. ನಡುವಿನದು ಒಂದೇ ಸಮನಾದ ಗಾಢ ಬೂದು: 1,900. ಬಲಗಡೆಯದರ ಅಂಚುಗಳು ಸವೆದಿವೆ, ಹಿಡಿಯ ಹತ್ತಿರ ಬಣ್ಣ ಹಾರಿ ಬರಿಯ ಉಕ್ಕು ಕಾಣುತ್ತದೆ, ಮೇಲ್ಗಡೆ ಹಿಂದೆ ಮುಂದೆ ಜಾರುವ ಉಕ್ಕಿನ ಹೊದಿಕೆಯ, ಅಂದರೆ ಸ್ಲೈಡಿನ, ಮೇಲೆ ಹಸಿರು ಛಾಯೆಯ ಬೂದು ಅಲ್ಲಲ್ಲಿ ತೆಳುವಾಗಿದೆ. ಅದರ ಚೀಟಿಯಲ್ಲಿ 3,400.

ಮೊದಲ ಸಲ ನೋಡುವ ಕಣ್ಣಿಗೆ ಇದು ತಲೆಕೆಳಗಾದ ಲೆಕ್ಕ. ಅತಿ ಸುಂದರವಾದದ್ದು ಅತಿ ಅಗ್ಗ, ಅತಿ ಸವೆದದ್ದು ಅತಿ ದುಬಾರಿ. ಕಾಕಾ ಮೂರನ್ನೂ ಒಮ್ಮೆ ನೋಡಿ, ಮಾರುವವರ ಕಡೆ ತಿರುಗಿ, ಕೈಗೆತ್ತಿಕೊಳ್ಳಬಹುದೇ ಎಂದು ಕೇಳುತ್ತಾರೆ. ಬಿಳಿ ಗಡ್ಡದ ಆ ಹಿರಿಯ ವ್ಯಾಪಾರಿ ತಲೆಯಾಡಿಸಿ, ತಾವೇ ಪಟ್ಟಿ ಕತ್ತರಿಸಿ, ತೋಟಾ ತುಂಬುವ ಮ್ಯಾಗಜಿನ್ ತೆಗೆದಿಟ್ಟು, ಸ್ಲೈಡನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಖಾಲಿಯಿದೆಯೆಂದು ತೋರಿಸಿ ಕೊಡುತ್ತಾರೆ. ಕಾಕಾ ತಾವೂ ಇನ್ನೊಮ್ಮೆ ಒಳಗೆ ಇಣುಕುತ್ತಾರೆ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ನೆಲಕ್ಕೆ ಬಾಗಿದೆ. ಒಬ್ಬರು ನೋಡಿ ಕೊಟ್ಟದ್ದನ್ನು ಇನ್ನೊಬ್ಬರು ಮತ್ತೆ ನೋಡಿಯೇ ಹಿಡಿಯಬೇಕು. ಈ ಸಭಾಂಗಣದಲ್ಲಿ ಇದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಈ ಪಿಸ್ತೂಲಿನ ಹಿಂದಿರುವ ಮನುಷ್ಯ ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ಹುಟ್ಟಿ, 1926ರಲ್ಲಿ ಬೆಲ್ಜಿಯಂನ ಲೀಯೆಜ್‌ನಲ್ಲಿ ಕೆಲಸದ ನಡುವೆಯೇ ತೀರಿಕೊಂಡವನು. ಫಿಲಿಪೀನ್ಸಿನ ಕಾಳಗಗಳಲ್ಲಿ ತಮ್ಮ ಪಾಯಿಂಟ್ 38 ರಿವಾಲ್ವರ್ ಸಾಲದೆಂದು ಅಮೆರಿಕದ ಸೇನೆಗೆ ಅನ್ನಿಸಿತ್ತು. 1904ರ ಪರೀಕ್ಷೆಗಳ ನಂತರ ಪಾಯಿಂಟ್ 45ಕ್ಕಿಂತ ಸಣ್ಣದು ಬೇಡವೆಂಬ ನಿರ್ಧಾರವಾಯಿತು. 1911ರ ಮಾರ್ಚಿನ ಕೊನೆಯ ಸ್ಪರ್ಧೆಯಲ್ಲಿ ಬ್ರೌನಿಂಗನ ಪಿಸ್ತೂಲು ಆರು ಸಾವಿರ ಗುಂಡು ಹಾರಿಸಿಯೂ ಎಡವಲಿಲ್ಲ. ಅದೇ ತಿಂಗಳ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೆರೆಟ್ಟಾ ಆಯ್ಕೆಯಾಗುವವರೆಗೆ, ಮುಕ್ಕಾಲು ಶತಮಾನ, ಅದೇ ಅವರ ಅಧಿಕೃತ ಪಿಸ್ತೂಲು.

“ಮೂರೂ ಎ1 ಅಂತ ದೂರದಿಂದನ ಗೊತ್ತಾತು,” ಎಂದು ಕಾಕಾ ಬೆರಳಿನಲ್ಲಿ ತೋರಿಸುತ್ತಾರೆ. ಮೊದಲ ಮಹಾಯುದ್ಧದ ಅನುಭವದಿಂದ 1920ರ ದಶಕದಲ್ಲಿ ಮಾಡಿದ ತಿದ್ದುಪಡಿಗಳು ಅವು: ಹಿಡಿಯ ಹಿಂಬದಿ ನೇರವಾಗಿದ್ದದ್ದು ಕಮಾನಾಯಿತು, ಟ್ರಿಗರ್ ಗಿಡ್ಡವಾಯಿತು, ಅದರ ಹಿಂದೆ ಫ್ರೇಮಿನಲ್ಲಿ ಬೆರಳಿಗೆ ಅರ್ಧಚಂದ್ರದ ತಗ್ಗು ಬಂತು, ಕೈಯ ಚರ್ಮ ಸಿಕ್ಕಿಕೊಳ್ಳದಂತೆ ಹಿಂದಿನ ಬಾಲ ಉದ್ದವಾಯಿತು.

ಈಗ ಹೊಳೆಯುವ ಪಿಸ್ತೂಲು. ಅದರ ಸ್ಲೈಡಿನ ಎಡಬದಿಯಲ್ಲಿ ‘ರೆಮಿಂಗ್ಟನ್ ರ‍್ಯಾಂಡ್’ ಎಂಬ ಹೆಸರು. ಕನ್ನಡ ನಾಡಿನ ಕಚೇರಿಗಳಲ್ಲಿ, ಕೋರ್ಟಿನ ಮುಂದಿನ ಮರದ ಕೆಳಗೆ ದಶಕಗಟ್ಟಲೆ ಟಕಟಕಿಸಿದ ಟೈಪ್‌ರೈಟರುಗಳ ಕಂಪನಿಯೇ ಅದು. ಯುದ್ಧ ಬಂದಾಗ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನ ಅದರ ಕಾರ್ಖಾನೆ ಪಿಸ್ತೂಲು ಮಾಡಿತು. ಸುಮಾರು 9 ಲಕ್ಷ ತಯಾರಿಸಿ, ಪಿಸ್ತೂಲಿನ ಮೂಲ ಕಂಪನಿ ಕೋಲ್ಟನ್ನೇ ಹಿಂದಿಕ್ಕಿತು. ಕಾಕಾ ಭೂತಗನ್ನಡಿಯನ್ನು ಆ ಹೆಸರಿನ ಮೇಲೆ ಹಿಡಿದು ನನ್ನನ್ನು ಬಗ್ಗಿಸುತ್ತಾರೆ.

“ಅಕ್ಷರದ ಅಂಚು ನೋಡು. ಅಚ್ಚು ಒತ್ತಿದಾಗ ಉಕ್ಕು ಬಾಜೂಕ ಸರದು ಸಣ್ಣಗ ಉಬ್ಬತದ. ಇಲ್ಲೆ ಉಬ್ಬೂ ಇಲ್ಲ, ಆಳಾನೂ ಇಲ್ಲ. ಯಾರೋ ಚಕ್ರಕ್ಕ ಹಿಡದು ತಿಕ್ಕ್ಯಾರ.”

ಕಣ್ಣು ಹೊಂದಿಕೊಂಡ ಮೇಲೆ ಎಲ್ಲ ಒಂದೊಂದಾಗಿ ಕಾಣತೊಡಗುತ್ತದೆ. ಅಕ್ಷರಗಳ ಕೆಲವು ಕಾಲುಗಳು ಅರ್ಧ ಮಾಸಿವೆ. ಚೂಪಾಗಿ ತಿರುಗಬೇಕಿದ್ದ ಅಂಚುಗಳು ದುಂಡಗಾಗಿವೆ. ಪಿನ್ನುಗಳ ತೂತಿನ ಸುತ್ತ ತಟ್ಟೆಯಂಥ ಸಣ್ಣ ತಗ್ಗು: ಪಾಲಿಶ್ ಮಾಡುವ ಚಕ್ರ ತೂತಿನ ಬಾಯನ್ನು ಉಳಿದ ಕಡೆಗಿಂತ ಹೆಚ್ಚು ತಿಂದಿದೆ. ನೀಲಿ ಹೊಳಪಿನ ಅಡಿಯಲ್ಲಿ ಸೂಜಿಮೊನೆಯ ಗುಳಿಗಳು. ತುಕ್ಕು ಮೊದಲು ತಿಂದಿತ್ತು, ನೀಲಿ ಆಮೇಲೆ ಬಂತು. ಯುದ್ಧಕಾಲದ ರೆಮಿಂಗ್ಟನ್ ರ‍್ಯಾಂಡ್ ಹೀಗೆ ಹೊಳೆಯುತ್ತಲೇ ಇರಲಿಲ್ಲ. ಉಕ್ಕನ್ನು ಬಿಸಿ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ, ಬೆಳಕು ಹೊಡೆಯದ ಮಂಕು ಬೂದು ಪದರ ಕೊಡುತ್ತಿದ್ದರು. ಪಾರ್ಕರೈಸಿಂಗ್ ಎಂದು ಅದರ ಹೆಸರು. ಎಣ್ಣೆ ಹಿಡಿದಿಟ್ಟುಕೊಳ್ಳುವ, ತುಕ್ಕು ತಡೆಯುವ, ಶತ್ರುವಿನ ಕಣ್ಣಿಗೆ ಮಿನುಗದ ಪದರ ಅದು.

ವ್ಯಾಪಾರಿ ಇದರ ಕತೆ ಹೇಳುತ್ತಾರೆ. ಮಾರಿದ ಮನೆಯವರ ಪ್ರಕಾರ ಇದು 1944ರಲ್ಲಿ ನಾರ್ಮಂಡಿಯ ತೀರದಲ್ಲಿ ಇಳಿದ ಪಿಸ್ತೂಲು. ಅವರ ಧ್ವನಿಯಲ್ಲಿ ಮೋಸವಿಲ್ಲ. ಕೇಳಿದ್ದನ್ನು ಹೇಳುತ್ತಿದ್ದಾರೆ ಅಷ್ಟೆ. ಕಾಕಾ ಗೌರವದಿಂದ ಕೇಳಿಸಿಕೊಂಡು, ಕಾಗದವೇನಾದರೂ ಇದೆಯೇ ಎನ್ನುತ್ತಾರೆ. ಇಲ್ಲ.

ಕಾಗದ ಇದ್ದಿದ್ದರೆ ಮಾತೇ ಬೇರೆಯಾಗುತ್ತಿತ್ತು. ಕೋಲ್ಟ್ ತಯಾರಿಕೆಯಾದರೆ ಆ ಕಂಪನಿಯ ಹಳೆಯ ದಾಖಲೆ ವಿಭಾಗಕ್ಕೆ ಬರೆದು, ಈ ಸಂಖ್ಯೆಯ ಪಿಸ್ತೂಲು ಯಾವ ದಿನ ಎಲ್ಲಿಗೆ ಹೋಯಿತೆಂಬ ಪತ್ರ ತರಿಸಬಹುದು. 1960ರ ದಶಕದಲ್ಲಿ ಸೇನೆ ತನ್ನ ಹಳೆಯ ಪಿಸ್ತೂಲುಗಳನ್ನು ರಾಷ್ಟ್ರೀಯ ರೈಫಲ್ ಸಂಘದ ಸದಸ್ಯರಿಗೆ ಇಪ್ಪತ್ತು ಡಾಲರಿಗೂ ಕಡಿಮೆ ಬೆಲೆಗೆ ಕೊಟ್ಟಿತ್ತು. ಆ ಮಾರಾಟದ ರಸೀದಿ ಈಗಲೂ ಜೊತೆಗಿದ್ದರೆ ಬೆಲೆ ಏರುತ್ತದೆ. ಸೈನಿಕನ ಹೆಸರು, ಪಿಸ್ತೂಲಿನ ಸಂಖ್ಯೆ ಎರಡೂ ಇರುವ ಸೇನೆಯ ಚೀಟಿ ಸಿಕ್ಕರಂತೂ ಅದು ಚಿನ್ನ. ಬಾಯಿಮಾತಿನ ಕತೆಗೆ ಮಾತ್ರ ಇಲ್ಲಿ ಡಾಲರ್ ಸೇರಿಸುವುದಿಲ್ಲ. ಪಿಸ್ತೂಲು ನಾರ್ಮಂಡಿಗೆ ಹೋಗಿರಲೂಬಹುದು. ಆದರೆ ಹೋಗಿದ್ದಕ್ಕೆ ಉಕ್ಕಿನ ಮೇಲೆ ಉಳಿದಿರಬಹುದಾಗಿದ್ದ ಗುರುತನ್ನೆಲ್ಲ ಪಾಲಿಶ್ ಚಕ್ರ ತೆಗೆದುಹಾಕಿದೆ.

“ಹಳೇ ಶಾಸನದ ಕಲ್ಲು ಛಂದ ಕಾಣಲಿ ಅಂತ ಉಜ್ಜಿ ಪಾಲಿಶ್ ಮಾಡಿದ್ರ ಏನಾಗ್ತದ?” ಕಾಕಾ ಪಿಸ್ತೂಲನ್ನು ಬಟ್ಟೆಯ ಮೇಲೆ ಹಗುರವಾಗಿ ಮಲಗಿಸುತ್ತಾರೆ. “ಕಲ್ಲು ಹೊಳೀತದ, ಅಕ್ಷರ ಹೋಗ್ತದ. ಗುಂಡು ಹಾರಸೋರಿಗೆ ಇದು ಒಳ್ಳೇ ಪಿಸ್ತೂಲೇ. ಓದೋರಿಗೆ ಇದರಾಗ ಏನೂ ಉಳದಿಲ್ಲ.”

ನಡುವಿನದನ್ನು ಎತ್ತುತ್ತಾರೆ. ಇದರ ಬೂದು ಎಲ್ಲ ಕಡೆ ಒಂದೇ ಸಮ, ಮೂಲೆಗಳಲ್ಲೂ ಸವೆತವಿಲ್ಲ. ಕೆಳಭಾಗದ ಫ್ರೇಮ್ ಬೇಟೆಯ ಬಂದೂಕಿಗೆ ಹೆಸರಾದ ಇಥಾಕಾ ಕಂಪನಿಯದು, ಮೇಲಿನ ಸ್ಲೈಡ್ ಕೋಲ್ಟ್‌ನದು. ಯುದ್ಧಕಾಲದ ಗುತ್ತಿಗೆದಾರರು ಸಂಖ್ಯೆ ಒತ್ತುತ್ತಿದ್ದದ್ದು ಫ್ರೇಮಿನ ಮೇಲೆ. ಒಬ್ಬರ ಭಾಗ ಇನ್ನೊಬ್ಬರದಕ್ಕೆ ತಡೆಯಿಲ್ಲದೆ ಕೂರಲೇಬೇಕೆಂಬುದು ಸೇನೆಯ ಕರಾರು. ಆದ್ದರಿಂದ ದುರಸ್ತಿಗೆ ಬಂದ ನೂರಾರು ಪಿಸ್ತೂಲುಗಳನ್ನು ಶಸ್ತ್ರಾಗಾರದಲ್ಲಿ ಬಿಚ್ಚಿ, ಭಾಗಗಳನ್ನು ರಾಶಿ ಹಾಕಿ, ಸವೆದದ್ದನ್ನು ಎಸೆದು, ಉಳಿದದ್ದನ್ನು ಜೋಡಿಸಿ, ಹೊಸದಾಗಿ ಪಾರ್ಕರೈಸ್ ಮಾಡಿ ಮತ್ತೆ ಸೈನಿಕರಿಗೆ ಕೊಡುತ್ತಿದ್ದರು. ಟ್ರಿಗರಿನ ಹತ್ತಿರ ಎರಡು ಸಣ್ಣ ಅಕ್ಷರ: ಎ.ಎ. ಜಾರ್ಜಿಯಾದ ಅಗಸ್ಟಾ ಶಸ್ತ್ರಾಗಾರದ ಮುದ್ರೆ.

“ಇದನ್ನ ಕೆಡಿಸ್ಯಾರ ಅನಬ್ಯಾಡ,” ಎನ್ನುತ್ತಾರೆ ಕಾಕಾ. “ಬಣ್ಣಾ ಬದಲಿ ಮಾಡಿದ್ದು ಸೇನೇನ. ಮುದ್ರಿನೂ ಹೊಡದದ. ಇದು ಎರಡನೇ ಸಲ ಹುಟ್ಟಿದ್ದಕ್ಕ ದಾಖಲೆ ಇದರ ಮೈಮ್ಯಾಲನ ಅದ.”

ಇಂಥ ಮರುಜೋಡಣೆಯ ಪಿಸ್ತೂಲುಗಳೇ ಸಂಖ್ಯೆಯಲ್ಲಿ ಹೆಚ್ಚು. ಸೇನೆಯ ಉಗ್ರಾಣದಲ್ಲಿ ಉಳಿದವುಗಳನ್ನು ಮಾರುವ ಹೊಣೆ ಅಲಬಾಮಾದ ಆ್ಯನಿಸ್ಟನ್‌ನಲ್ಲಿ ಕೇಂದ್ರವಿರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಸಂಸ್ಥೆಗೆ ಬಂದಾಗ, 2018ರಲ್ಲಿ ಅದು ಸ್ಥಿತಿಗನುಸಾರ ಮೂರು ದರ್ಜೆ ಮಾಡಿ 1,050, 950 ಮತ್ತು 850 ಡಾಲರ್ ಬೆಲೆಯಿಟ್ಟಿತು. ಅರ್ಜಿ ಹಾಕಿದವರ ಸರದಿಯನ್ನು ಚೀಟಿ ಎತ್ತಿದಂತೆ ನಿರ್ಧರಿಸಿತು. ಪೇಟೆಯ ದರ ಆ ಪಟ್ಟಿಗಿಂತ ಮೇಲಿತ್ತು. ಈ ಮೇಜಿನ 1,900 ಅಷ್ಟೇನೂ ಅನ್ಯಾಯದ ಬೆಲೆಯಲ್ಲ. ಕಾಕಾ ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಂಡು ಪಿಸ್ತೂಲನ್ನು ವಾಪಸಿಡುತ್ತಾರೆ.

ಈಗ ಮೂರನೆಯದು. ಅದನ್ನು ಎತ್ತುವಾಗ ಅವರ ಭುಜ ಸ್ವಲ್ಪ ಬಿಗಿಯಾಗುತ್ತದೆ. ಖಾಲಿಯಿದ್ದರೂ ಒಂದು ಕಿಲೋ ನೂರು ಗ್ರಾಂ ತೂಕ. ಅಲುಗಾಡಿಸಿದಾಗ ಒಳಗೆ ಸಣ್ಣ ಕಟಕಟ ಕೇಳುತ್ತದೆ. ನಾನು ಹುಬ್ಬೇರಿಸಿದ್ದನ್ನು ನೋಡಿ ಕಾಕಾ ನಗುತ್ತಾರೆ. ಕೆಸರು, ಮರಳು ಹೊಕ್ಕರೂ ನಿಲ್ಲಬಾರದೆಂದು ಸೇನೆ ಇವನ್ನು ಸಡಿಲವಾಗಿಯೇ ಮಾಡಿಸಿತ್ತು. ಆ ಸದ್ದಿಗೆ ಬೆಲೆ ಇಳಿಯುವುದಿಲ್ಲ.

ಟಾರ್ಚಿನ ಬೆಳಕು ಫ್ರೇಮಿನ ಬಲಬದಿಗೆ ಬೀಳುತ್ತದೆ. ‘ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ’. ಅದರ ಬಳಿ 15 ಲಕ್ಷ 80 ಸಾವಿರದ ಆಸುಪಾಸಿನ ಸಂಖ್ಯೆ. ಕಾಕಾ ನೋಟ್‌ಬುಕ್ಕಿನ ಹಿಂಬದಿ ತೆರೆಯುತ್ತಾರೆ. ಸೇನೆ ಯಾವ ಕಾರ್ಖಾನೆಗೆ ಯಾವ ಸಂಖ್ಯೆಗಳನ್ನು ಹಂಚಿತ್ತೆಂಬ ಪಟ್ಟಿ ಅಲ್ಲಿದೆ. 14,71,431ರಿಂದ 16,09,528ರವರೆಗೆ ರೆಮಿಂಗ್ಟನ್ ರ‍್ಯಾಂಡ್. ಸ್ಲೈಡಿನ ಹೆಸರೂ ಅದೇ. ಮೊದಲ ಹೊಂದಿಕೆ ಸಿಕ್ಕಿತು.

ಇದೇ ಪಟ್ಟಿಯಲ್ಲಿ ಬೇರೆ ಹೆಸರುಗಳೂ ಇವೆ. ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಪೆನ್ಸಿಲ್ವೇನಿಯಾದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್ ಕಂಪನಿಗೆ 55,000 ಮಾತ್ರ; ಅದಕ್ಕೇ ಅದರ ಪಿಸ್ತೂಲಿಗೆ ರೆಮಿಂಗ್ಟನ್ನಿಗಿಂತ ಬೆಲೆ ಜಾಸ್ತಿ. ಕೊನೆಯ ಸಾಲಿನಲ್ಲಿ ಸಿಂಗರ್. ನಮ್ಮ ಮನೆಗಳಲ್ಲಿ ಅಜ್ಜಿಯರು ಕುಪ್ಪಸ ಹೊಲಿದ ಅದೇ ಸಿಂಗರ್. ತಯಾರಿಕೆ ಕಲಿಯಲೆಂದು ಸೇನೆ ಕೊಟ್ಟ ಒಂದು ಗುತ್ತಿಗೆಯಲ್ಲಿ ಅದು 500 ಪಿಸ್ತೂಲು ಮಾಡಿ ನಿಲ್ಲಿಸಿತು, ಎಸ್ 800001ರಿಂದ ಎಸ್ 800500ರವರೆಗೆ. ಅಷ್ಟು ನಿಖರವಾದ ಕೈಗಳನ್ನು ಸೇನೆ ತೋಪುಗಳ ಗುರಿ ಹಿಡಿಯುವ ಯಂತ್ರಗಳ ಕೆಲಸಕ್ಕೆ ಎಳೆದುಕೊಂಡಿತು. ಆ ಐನೂರರಲ್ಲಿ ಉಳಿದ ಕೆಲವು ಲಕ್ಷಾಂತರ ಡಾಲರಿಗೆ ಹರಾಜಾಗಿವೆ. ಅದಕ್ಕೇ ಬೇರೆ ಸ್ಲೈಡಿನ ಮೇಲೆ ಸಿಂಗರ್ ಹೆಸರು ಕೊರೆಯುವ ಮೋಸವೂ ಇದೆ. ಅಕ್ಷರದ ಅಂಚು ನೋಡಲು ಕಲಿಯುವುದು ಅಲ್ಲಿಗೂ ಬೇಕು.

ಎಡಬದಿಯಲ್ಲಿ ಮೂರು ಸಣ್ಣ ಅಕ್ಷರ: ಎಫ್.ಜೆ.ಎ. ರಾಚೆಸ್ಟರ್ ವಲಯದ ಶಸ್ತ್ರ ತಪಾಸಣೆಯ ಮುಖ್ಯಸ್ಥ ಫ್ರ್ಯಾಂಕ್ ಜೆ. ಆಟ್‌ವುಡ್ ಅವರ ಹೆಸರಿನ ಮೊದಲಕ್ಷರಗಳು. ಕೋಲ್ಟ್ ಆಗಿದ್ದರೆ ಅಲ್ಲಿ ಗೈ ಎಚ್. ಡ್ರೂರಿಯ ಜಿ.ಎಚ್.ಡಿ. ಇರಬೇಕಿತ್ತು. ಫ್ರೇಮಿನಲ್ಲಿ ಮ್ಯಾಗಜಿನ್ ಗುಂಡಿಯ ಹತ್ತಿರ ಒಂದು ‘ಪಿ’, ಸ್ಲೈಡಿನ ನೆತ್ತಿಯಲ್ಲಿ ಇನ್ನೊಂದು: ಹೆಚ್ಚಿನ ಒತ್ತಡದ ತೋಟಾ ಹಾರಿಸಿ ತಾಳಿಕೆ ನೋಡಿದ್ದಕ್ಕೆ ಗುರುತು. ಭೂತಗನ್ನಡಿಯಲ್ಲಿ ‘ಪಿ’ ಸುತ್ತ ಉಕ್ಕಿನ ಉಬ್ಬು ಚೂಪಾಗಿ ಕಾಣುತ್ತದೆ. ಮೊದಲ ಪಿಸ್ತೂಲಿನಲ್ಲಿ ಏನು ಕಳೆದುಹೋಗಿತ್ತೆಂದು ನನಗೆ ನಿಜವಾಗಿ ತಿಳಿಯುವುದು ಈಗ.

“ಬಿಚ್ಚಿ ನೋಡಬಹುದೇನು?” ಎಂದು ಕಾಕಾ ಇಂಗ್ಲಿಷಿನಲ್ಲಿ ಕೇಳುತ್ತಾರೆ. ವ್ಯಾಪಾರಿ ಒಪ್ಪುತ್ತಾರೆ, ಆದರೆ ತಾವೇ ಬಿಚ್ಚುತ್ತಾರೆ. ಅದಕ್ಕೆ ಕಾರಣ ಫ್ರೇಮಿನ ಎಡಬದಿಯಲ್ಲೇ ಕಾಣುತ್ತದೆ: ಸ್ಲೈಡ್ ತಡೆಯುವ ಕೀಲಿನ ಕೆಳಗೆ ಕಮಾನಿನಂಥ ಒಂದು ತೆಳು ಗೀರು. ಮತ್ತೆ ಜೋಡಿಸುವಾಗ ಕೀಲನ್ನು ಅವಸರದಲ್ಲಿ ಒತ್ತಿದರೆ ಅದರ ತುದಿ ಉಜ್ಜಿ ಬೀಳುವ ಗೀರು ಅದು. ಯಾವನೋ ಸೈನಿಕನದೋ, ನಂತರದ ಮಾಲೀಕನದೋ ಅವಸರ. ಒಮ್ಮೆ ಬಿದ್ದರೆ ಹೋಗುವುದಿಲ್ಲ, ಬೆಲೆಯಲ್ಲೂ ಕಾಣಿಸಿಕೊಳ್ಳುತ್ತದೆ.

ಸಲಕರಣೆ ಏನೂ ಬೇಕಿಲ್ಲ. ನಳಿಗೆಯ ಬಾಯಲ್ಲಿನ ಬಳೆ ತಿರುಗುತ್ತದೆ, ಸ್ಪ್ರಿಂಗ್ ಹೊರಬರುತ್ತದೆ, ಕೀಲು ಕಳಚುತ್ತದೆ, ಸ್ಲೈಡ್ ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಹಸಿರು ಬಟ್ಟೆಯ ಮೇಲೆ ಬ್ರೌನಿಂಗನ ಯೋಚನೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಗುಂಡು ಹಾರಿದಾಗ ನಳಿಗೆ, ಸ್ಲೈಡ್ ಎರಡೂ ಹಲ್ಲುಗಳಲ್ಲಿ ಕಚ್ಚಿಕೊಂಡೇ ಸ್ವಲ್ಪ ಹಿಂದೆ ಸರಿಯುತ್ತವೆ. ಕೆಳಗಿನ ಪುಟ್ಟ ಕೊಂಡಿ ನಳಿಗೆಯ ಹಿಂತುದಿಯನ್ನು ಕೆಳಕ್ಕೆ ಎಳೆದಾಗ ಕಚ್ಚು ಬಿಡುತ್ತದೆ. ಸ್ಲೈಡ್ ಒಂಟಿಯಾಗಿ ಹಿಂದೋಡಿ ಖಾಲಿ ಚಿಪ್ಪನ್ನು ಎಸೆದು, ಮುಂದೆ ಬರುವಾಗ ಹೊಸ ತೋಟಾ ತಳ್ಳಿಕೊಂಡು ಬರುತ್ತದೆ. ಆದ್ದರಿಂದಲೇ ಕಾಕಾ ಮೊದಲು ನೋಡುವುದು ಆ ಹಲ್ಲುಗಳನ್ನು. ಅವು ಜಜ್ಜಿಹೋಗಿಲ್ಲ. ಸ್ಲೈಡಿನ ಮುಂಭಾಗ, ಫ್ರೇಮಿನ ಹಳಿಗಳು, ಕೊಂಡಿ ಕೂರುವ ಕಿವಿ, ಬಿರುಕು ಹುಟ್ಟುವ ಜಾಗಗಳನ್ನೆಲ್ಲ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ನೋಡುತ್ತಾರೆ. ಎಲ್ಲೂ ಕೂದಲೆಳೆಯ ಬಿರುಕಿಲ್ಲ.

ನಳಿಗೆಯ ಕೆಳಗೆ ‘ಎಚ್.ಎಸ್.’ ಎಂಬ ಗುರುತು. ರೆಮಿಂಗ್ಟನ್ ರ‍್ಯಾಂಡ್ ತನ್ನ ನಳಿಗೆಗಳನ್ನು ಹೈ ಸ್ಟ್ಯಾಂಡರ್ಡ್ ಮತ್ತು ಫ್ಲ್ಯಾನರಿ ಕಂಪನಿಗಳಿಂದ ತರಿಸುತ್ತಿತ್ತು. ಯುದ್ಧದ ನಂತರದ ಬದಲಿ ನಳಿಗೆಯಾಗಿದ್ದರೆ ಅಲ್ಲಿ ಉದ್ದನೆಯ ಭಾಗಸಂಖ್ಯೆ ಇರುತ್ತಿತ್ತು. ಕಾಕಾ ನಳಿಗೆಯನ್ನು ಚಾವಣಿಯ ದೀಪಕ್ಕೆ ಹಿಡಿದು, ತಾವು ನೋಡಿ, ಅದರ ಬಾಯಿಯನ್ನು ನನ್ನ ಕಣ್ಣಿನ ನೇರಕ್ಕೆ ತರುತ್ತಾರೆ. ಒಳಗೆ ಸುರುಳಿ ಸುತ್ತುವ ಗೆರೆಗಳು ಸ್ಪಷ್ಟ. ನಡುವೆ ಒಂದು ಕಡೆ ಮಾತ್ರ ಹೊಳಪು ಸತ್ತು ಮಸುಕಾದ ಚುಕ್ಕೆಗಳು.

“ಆಗಿನ ತೋಟಾದ ಕಿಡಿಮದ್ದಿನಾಗ ಪೊಟ್ಯಾಸಿಯಂ ಕ್ಲೋರೇಟ್ ಇರತಿತ್ತು. ಸುಟ್ಟ ಮ್ಯಾಲ ಉಪ್ಪು ಉಳೀತದ, ಉಪ್ಪು ನೀರು ಎಳೀತದ. ಅವತ್ತ ತೊಳೀಲಿಲ್ಲಂದ್ರ ಹಿಂಗ ಆಗತದ.” ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸುತ್ತಾರೆ: “ತೊಳಿಯಾಕ ಪುರುಸೊತ್ತು ಸಿಗದಂಥಾ ದಿನಾನೂ ಇದ್ದಿರಬೇಕು.”

ಆ ಮಾತು ನನ್ನೊಳಗೆ ಇಳಿಯುತ್ತದೆ. ಈ ಉಕ್ಕು ಮನುಷ್ಯನನ್ನು ಕೊಲ್ಲಲೆಂದೇ ಆದದ್ದು. ಅದನ್ನು ಮರೆತು ಇದರ ಸೌಂದರ್ಯ ಮಾತಾಡುವುದು ಸರಿಯಲ್ಲ. ಟೈಪ್‌ರೈಟರ್ ಜೋಡಿಸುತ್ತಿದ್ದವರ ಕಾರ್ಖಾನೆ ಪಿಸ್ತೂಲಿಗೆ ತಿರುಗಿತು. ಆರಂಭದಲ್ಲಿ ಅವರ ಕೆಲಸ ಎಷ್ಟು ಒರಟಾಗಿತ್ತೆಂದರೆ 1943ರ ಮೊದಲ ತಿಂಗಳುಗಳಲ್ಲಿ ಭಾಗಗಳು ಒಂದಕ್ಕೊಂದು ಹೊಂದದೆ ತಯಾರಿಕೆಯನ್ನೇ ನಿಲ್ಲಿಸಿ ಸರಿಪಡಿಸಬೇಕಾಯಿತು. ಆಮೇಲೆ ಅದೇ ಕೈಗಳು ಎಲ್ಲರಿಗಿಂತ ಹೆಚ್ಚು, ಒಳ್ಳೆಯ ಗುಣಮಟ್ಟದಲ್ಲಿ ಮಾಡಿದವು. ಒಂದು ದೇಶ ತನ್ನ ಬದುಕನ್ನೆಲ್ಲ ಯುದ್ಧಕ್ಕೆ ತಿರುಗಿಸಿದ್ದಕ್ಕೆ ಈ ಗುರುತುಗಳು ಸಾಕ್ಷಿ. ಸಾಕ್ಷಿ ಸುಳ್ಳಾಗಬಾರದೆಂಬ ಹಟ ಇರುವುದರಿಂದಲೇ ಇಲ್ಲಿ ತೇಪೆ ಹಾಕಿದ ಚೆಲುವಿಗಿಂತ ಪ್ರಾಮಾಣಿಕ ಸವೆತಕ್ಕೆ ಹೆಚ್ಚು ಬೆಲೆ. ಇದು ಶ್ರೀಮಂತರ ಚಪಲವೆಂದು ಬೆಳಿಗ್ಗೆ ನನಗನ್ನಿಸಿದ್ದಿದ್ದರೆ, ಈಗ ಹಾಗೆ ಅನ್ನಿಸುತ್ತಿಲ್ಲ.

ಸವೆತವನ್ನೂ ಪರೀಕ್ಷಿಸಬೇಕು. ಬಣ್ಣ ಹಾರಿರುವುದು ಎಲ್ಲಿ? ಚರ್ಮದ ಚೀಲಕ್ಕೆ ಉಜ್ಜುವ ಸ್ಲೈಡಿನ ಮುಂತುದಿ, ಅಂಗೈ ಒತ್ತುವ ಹಿಂಬದಿ, ಹೆಬ್ಬೆರಳು ತಾಗುವ ಸೇಫ್ಟಿ ಕೀಲು. ಬಳಕೆಯಿಂದ ಸವೆಯಬೇಕಾದ ಕಡೆಯೇ ಸವೆದಿದೆ. ಹಳೆಯದೆಂದು ತೋರಿಸಲು ಮರಳು ಕಾಗದ ಉಜ್ಜಿದ್ದರೆ ತಗ್ಗಿನಲ್ಲೂ ಉಬ್ಬಿನಲ್ಲೂ ಒಂದೇ ತರ ಹಾರಿರುತ್ತಿತ್ತು. ವ್ಯಾಪಾರಿ ಹಿಡಿಯ ಕಂದು ಪ್ಲಾಸ್ಟಿಕ್ ಹಲಗೆಗಳ ತಿರುಪು ಬಿಚ್ಚುತ್ತಾರೆ. ಅಡಿಯಲ್ಲಿ ಗಾಳಿ ಬೆಳಕು ಕಾಣದ ಪಾರ್ಕರೈಸಿಂಗ್ ಮೊದಲಿನಂತೆಯೇ ಇದೆ. ಹೊರಗಿನ ಬಣ್ಣ ಅದರದೇ ಮಾಸಿದ ರೂಪ. ಹಿಡಿಯ ಹಿಂಬದಿಯ ಕಮಾನಿನಲ್ಲಿ ಉದ್ದುದ್ದ ಗೀರುಗಳು. ರೆಮಿಂಗ್ಟನ್ನಿನಲ್ಲಿ ಅದು ಹಾಗೆಯೇ ಇರಬೇಕು. ಮೂಲ ಲೇಪದ ಉಳಿಕೆ ನೂರಕ್ಕೆ ಎಂಬತ್ತು ಎಂದು ಕಾಕಾ ಬರೆದುಕೊಳ್ಳುತ್ತಾರೆ. ಎಂಬತ್ತು, ತೊಂಬತ್ತೈದು ಎಂಬ ಅಂಕಿಗಳ ನಡುವೆ ಇಲ್ಲಿ ಸಾವಿರ ಡಾಲರ್ ಅಂತರ ಬಿದ್ದುಬಿಡಬಹುದು.

ಕೊನೆಗೆ ಮ್ಯಾಗಜಿನ್. ಯುದ್ಧಕಾಲದವುಗಳ ತಳದ ತಟ್ಟೆಯ ತುದಿಯಲ್ಲಿ ಮಾಡಿದವರ ಸಣ್ಣ ಅಕ್ಷರ ಇರುತ್ತದೆ: ರಿಸ್ಡನ್ ಕಂಪನಿಗೆ ಆರ್, ಸ್ಕೋವಿಲ್‌ಗೆ ಎಸ್, ರೆಮಿಂಗ್ಟನ್ ರ‍್ಯಾಂಡಿನದೇ ಶೇವರ್ ವಿಭಾಗ ಜನರಲ್ ಶೇವರಿಗೆ ಜಿ. ಕಾಕಾ ತಟ್ಟೆಯನ್ನು ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಅಕ್ಷರವಿಲ್ಲ. ಉಕ್ಕು ತೀರಾ ಹೊಸದು, ಬೆಸುಗೆ ಬೇರೆ ತರದ್ದು.

“ಮ್ಯಾಗಜಿನ್ ಇದರದಲ್ಲ,” ಎಂದು ವ್ಯಾಪಾರಿಗೆ ತೋರಿಸುತ್ತಾರೆ. ಅವರು ಕನ್ನಡಕ ಏರಿಸಿ ನೋಡಿ, ಹೌದೆನ್ನುತ್ತಾರೆ. ತಾವು ಕೊಂಡಾಗಲೇ ಅದು ಹಾಗಿತ್ತಂತೆ.

ಈಗ ಬೆಲೆಯ ಮಾತು. ಕಾಕಾ ಮೊದಲು ಒಳ್ಳೆಯದನ್ನೆಲ್ಲ ಹೇಳುತ್ತಾರೆ: ಸ್ಲೈಡ್, ಫ್ರೇಮ್, ನಳಿಗೆ, ಮುದ್ರೆಗಳು ಹೊಂದಿವೆ, ಲೇಪ ಮೂಲದ್ದು. ಆಮೇಲೆ ಕಳೆಯುತ್ತಾರೆ: ನಳಿಗೆಯೊಳಗಿನ ಗುಳಿಗೆ ಇಷ್ಟು, ಕಮಾನಿನ ಗೀರಿಗೆ ಇಷ್ಟು, ಸರಿಯಾದ ಮ್ಯಾಗಜಿನ್ ಹುಡುಕಿ ಕೊಳ್ಳುವ ಖರ್ಚು ಇಷ್ಟು. 2,700 ಎನ್ನುತ್ತಾರೆ. ವ್ಯಾಪಾರಿ ತಲೆಯಲ್ಲಾಡಿಸಿ 3,200ಕ್ಕೆ ಬರುತ್ತಾರೆ. ದನಿ ಏರುವುದಿಲ್ಲ, ಎರಡೂ ಕಡೆ ದೋಷವನ್ನು ಮುಚ್ಚುವ ಆತುರವೂ ಇಲ್ಲ. ಕಾಕಾ ನಳಿಗೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿಯುತ್ತಾರೆ. ಪಕ್ಕದ ಮೇಜಿನವನು ಕುತ್ತಿಗೆ ಚಾಚಿ ನೋಡುತ್ತಾನೆ. 2,950ಕ್ಕೆ ಕೈ ಕೂಡುತ್ತದೆ.

ಸಾಮಾನ್ಯ ಗ್ರಾಹಕನಾಗಿದ್ದರೆ ಈ ಅಂಗಡಿಯವರು 4473 ಎಂಬ ಕೇಂದ್ರ ಸರ್ಕಾರದ ನಮೂನೆ ತುಂಬಿಸಿ, ಹಿನ್ನೆಲೆ ತಪಾಸಣೆ ಮುಗಿಯುವವರೆಗೆ ಕಾಯಬೇಕಿತ್ತು. ಕಾಕಾ ಸಂಗ್ರಾಹಕರ ಲೈಸೆನ್ಸಿನ ನಕಲು ಕೊಡುತ್ತಾರೆ. ವ್ಯಾಪಾರಿ ತಮ್ಮ ದಫ್ತರದಲ್ಲಿ ಸಂಖ್ಯೆ ಬರೆದುಕೊಳ್ಳುತ್ತಾರೆ. ಕಾಕಾನೂ ತಮ್ಮ ದಫ್ತರದಲ್ಲಿ ಯಾರಿಂದ, ಯಾವ ದಿನ, ಯಾವ ಸಂಖ್ಯೆ ಎಂದು ದಾಖಲಿಸಲೇಬೇಕು; ಅದು ಲೈಸೆನ್ಸಿನ ಷರತ್ತು.

ಕಾಫಿ ಅಂಗಡಿಯ ಬೆಂಚಿನಲ್ಲಿ ಕುಳಿತು ಅವರು ಇನ್ನೊಂದು ಹಾಳೆ ತೆಗೆಯುತ್ತಾರೆ. ಇದನ್ನು ಯಾವ ಕಾನೂನೂ ಕೇಳಿಲ್ಲ. ನಳಿಗೆಯ ಗುರುತು, ತಪಾಸಣಾಧಿಕಾರಿಯ ಮುದ್ರೆ, ಲೇಪದ ಪ್ರಮಾಣ, ಗುಳಿಗಳಿರುವ ಜಾಗ, ಗೀರಿನ ಉದ್ದ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಾಲಾಗಿ ಬರೆಯುತ್ತಾರೆ. ಮ್ಯಾಗಜಿನ್ ಮೂಲದ್ದಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ.

“ಯುದ್ಧಕಾಲದ್ದೊಂದು ಮ್ಯಾಗಜಿನ್ ಹುಡುಕಿ ಹಾಕಿದ ಮೇಲೆ ಈ ಸಾಲು ಹೊಡೆದುಹಾಕ್ತೀರಾ, ಕಾಕಾ?” ಎಂದು ಕೇಳುತ್ತೇನೆ.

“ಇಲ್ಲ. ಹಾಕಿದ್ದು ನಾನು, ಇಂಥಾ ದಿನ ಅಂತ ಬಾಜೂಕ ಬರೀತೇನಿ. ನನ್ನ ನಂತರ ತೊಗೊಳ್ಳಾಂವ ನನ್ನ ಕೈಗೆಲಸಕ್ಕ ಸಿರಾಕ್ಯೂಸಿನ ಕೈಗೆಲಸದ ರೊಕ್ಕ ಕೊಡಬಾರದು.”